ಅಂಗಡಿಗೊಂದು, ಕೋಣೆಗೊಂದು ರೂಟರ್

ನಮ್ಮ ಮನೆಗೆ ಎರಡನೇ ರೂಟರ್ ತಂದವಳು ನಾನು. ತರಬೇಕೆಂದು ಯಾರೂ ಹೇಳಿರಲಿಲ್ಲ. ತಮ್ಮ ಬೇಡವೆಂದ, ನಾನು ಕೇಳಲಿಲ್ಲ. ಅಪ್ಪನಿಗೆ ಬೇಡವೆನ್ನಲು ಮಾತೇ ಬರುತ್ತಿರಲಿಲ್ಲ.

ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ಅಮ್ಮ ಬದುಕಿದ್ದಾಗ, "ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿದ್ದೀಯ ಕಣೇ, ಒಂದ್ ಗಳಿಗೆ ಕೂತ್ಕೋಬಾರ್ದಾ?" ಎಂದು ದಿನಕ್ಕೆ ಹತ್ತು ಸಲ ಗದರುತ್ತಿದ್ದಳು. ಪಿಯು ಕಾಲೇಜಿನಲ್ಲಿ ಗಣಿತ ಪಾಠ ಮಾಡುವಾಗಲೂ ಬೋರ್ಡಿನಿಂದ ಕೊನೆಯ ಬೆಂಚಿಗೆ, ಕೊನೆಯ ಬೆಂಚಿನಿಂದ ಬೋರ್ಡಿಗೆ ನಡೆಯುತ್ತಲೇ ಇರುತ್ತೇನೆ. ಅಪ್ಪನಿಗೆ ಲಕ್ವ ಹೊಡೆದ ಸುದ್ದಿ ಬಂದ ದಿನ ಅರ್ಧ ಬಿಡಿಸಿದ ಲೆಕ್ಕವನ್ನು ಬೋರ್ಡಿನ ಮೇಲೆ ಹಾಗೆಯೇ ಬಿಟ್ಟು ಓಡಿದೆ. ಆಮೇಲೆ ಉದ್ದ ರಜೆ ಹಾಕಿ, ಒಬ್ಬಳೇ ಇದ್ದ ಬೋಗಾದಿಯ ಬಾಡಿಗೆ ಮನೆಗೆ ಬೀಗ ಜಡಿದು, ದೇವರಾಜ ಮೊಹಲ್ಲಾದ ಅಪ್ಪನ ಮನೆಯಲ್ಲಿ ಬಂದು ಕೂತೆ. ಕೂತೆ ಎನ್ನುವುದು ಮಾತಿಗೆ ಅಷ್ಟೇ.

ಅದು ಉದ್ದಕ್ಕೆ ಒಳಗೊಳಗೆ ಹೋಗುವ ಮನೆ. ಬೀದಿಗೆ ಮುಖ ಮಾಡಿ ಅಂಗಡಿ, ಅಂಗಡಿಯ ಹಿಂದೆ ಒಳಬಾಗಿಲು, ಅದನ್ನು ದಾಟಿದರೆ ಆಕಾಶಕ್ಕೆ ತೆರೆದ ತೊಟ್ಟಿ, ತೊಟ್ಟಿಯ ಆಚೆ ಅಡುಗೆಮನೆ, ಕೊನೆಗೆ ಅಪ್ಪನ ಕೋಣೆ. ಗೋಡೆಗಳು ಒಂದೊಂದೂ ಮೊಳ ದಪ್ಪ. ಅಂಗಡಿ ಎಂದರೆ ಗ್ರಂದಿಗೆ ಅಂಗಡಿ. ಅರಿಶಿನ ಕುಂಕುಮ, ಕರ್ಪೂರ, ಗೆಜ್ಜೆವಸ್ತ್ರದಿಂದ ಹಿಡಿದು ಬಾಣಂತಿ ಮದ್ದಿನ ನಾರು ಬೇರುಗಳ ತನಕ ಅಲ್ಲಿ ಸಿಗದೆ ಇದ್ದದ್ದಿಲ್ಲ. ಗೋಡೆಯ ತುಂಬ ಎಳೆದು ತೆಗೆಯುವ ಸಣ್ಣ ಸಣ್ಣ ಮರದ ಖಾನೆಗಳು. ಒಂದರ ಮೇಲೂ ಹೆಸರಿನ ಚೀಟಿಯಿಲ್ಲ. "ಹೆಸ್ರು ನಾಲ್ಗೆ ಮೇಲಿರ್ಬೇಕು, ಖಾನೆ ಮೇಲಲ್ಲ," ಎನ್ನುತ್ತಿದ್ದರು ಅಪ್ಪ. ಗಿರಾಕಿ ಕಾಯಿಲೆ ಹೇಳಿ ಮುಗಿಸುವಷ್ಟರಲ್ಲಿ ಅವರ ಕೈ ಸರಿಯಾದ ಖಾನೆಯಲ್ಲಿರುತ್ತಿತ್ತು.

ಅಂಗಡಿಗೆ ಅಪ್ಪ ಮಾಡಿದ ಕಟ್ಟುಪಾಡು ಎರಡು. ಕರ್ಪೂರ ಇರುವ ಜಾಗ, ಆದ್ದರಿಂದ ಬಾಗಿಲು ಹಾಕಿದ ಕೂಡಲೇ ಮೈನ್ ಸ್ವಿಚ್ ಆರಿಸಬೇಕು. ಬಾಗಿಲು ಹಾಕಿದ ಅಂಗಡಿಯಲ್ಲಿ ಲಕ್ಷ್ಮಿ ವಿಶ್ರಾಂತಿ ತೆಗೆದುಕೊಳ್ಳುತ್ತಾಳೆ, ಆದ್ದರಿಂದ ಆ ಹೊತ್ತಿನಲ್ಲಿ ಯಜಮಾನನೊಬ್ಬನನ್ನು ಬಿಟ್ಟು ಯಾರೂ ಒಳಗೆ ಕಾಲಿಡಬಾರದು. ಅಪ್ಪ ಹಾಸಿಗೆ ಹಿಡಿದ ಮೇಲೆ ವ್ಯಾಪಾರ ನೋಡಿಕೊಳ್ಳುವವನು ತಮ್ಮ. ಅವನ ಸಂಸಾರ ಗೋಕುಲಂನಲ್ಲಿ. ಮಧ್ಯಾಹ್ನ ಒಂದೂವರೆಗೆ ಶಟರ್ ಎಳೆದು ಊಟಕ್ಕೆ ಹೋದರೆ ಬರುವುದು ಮೂರೂವರೆಗೆ. ಮಧ್ಯಾಹ್ನದ ಹೊತ್ತು ಮೈನ್ ಆರಿಸುವುದನ್ನು ಅವನು ಬಿಟ್ಟಿದ್ದ, ರಾತ್ರಿ ಮಾತ್ರ ಆರಿಸುತ್ತಿದ್ದ. ಎರಡನೇ ಕಟ್ಟುಪಾಡನ್ನು ಮಾತ್ರ ಯಾರೂ ಮುರಿದಿರಲಿಲ್ಲ. ಐವತ್ತು ದಾಟಿದ ನಾನು, ತ್ರಿಕೋನಮಿತಿ ಹೇಳಿಕೊಡುವ ನಾನು, ಶಟರ್ ಎಳೆದ ಅಂಗಡಿಯೊಳಗೆ ಒಂದು ಸಲವೂ ಕಾಲಿಟ್ಟವಳಲ್ಲ. ನಂಬಿಕೆಯೇನಲ್ಲ, ರೂಢಿ.

ಆಸ್ಪತ್ರೆಯಿಂದ ಬಂದ ಅಪ್ಪ ಕೋಲು ಹಿಡಿದು ನಡೆಯುವುದನ್ನು ಬೇಗ ಕಲಿತರು. ಹೋದದ್ದು ಮಾತು. ನಾವು ಹೇಳಿದ್ದೆಲ್ಲ ಅವರಿಗೆ ಅರ್ಥವಾಗುತ್ತಿತ್ತು, ಆದರೆ ಹೇಳಲು ಅವರಿಗೆ ಉಳಿದದ್ದು ಒಂದೇ ಒಂದು ಪದ, "ಅದೇ". ಕಾಫಿ ಬೇಕಾದರೂ ಅದೇ, ಸೊಂಟ ನೋವಾದರೂ ಅದೇ, ಸಿಟ್ಟು ಬಂದರೂ "ಅದೇ ಅದೇ ಅದೇ". ಮುನ್ನೂರು ಬೇರುಗಳ ಹೆಸರು ಹೇಳುತ್ತಿದ್ದ ಬಾಯಿ ಅದು. ಕೇಳಿದಾಗಲೆಲ್ಲ ಎದ್ದು ಹೊರಟುಬಿಡುತ್ತಿದ್ದೆ. ಅಡುಗೆಮನೆಗೆ ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದೆ.

ಮಾತು ಕಲಿಸುವ ತರಬೇತಿಯ ಹುಡುಗಿ ಮೊದಲ ದಿನವೇ ಹೇಳಿದ್ದಳು, "ಮೊದಲ ಆರು ತಿಂಗಳು ತುಂಬಾ ಮುಖ್ಯ ಮೇಡಂ. ಒಂದು ಕ್ಲಾಸೂ ತಪ್ಪಿಸ್ಬೇಡಿ." ಅದರಲ್ಲಿ ಎರಡು ತಿಂಗಳು ಆಸ್ಪತ್ರೆ, ಔಷಧಿ, ಓಡಾಟದಲ್ಲೇ ಕಳೆದಿದ್ದವು. ಉಳಿದದ್ದು ನಾಲ್ಕು. ಅಂದಿನಿಂದ ನನ್ನ ತಲೆಯೊಳಗೆ ಒಂದು ಗಡಿಯಾರ ಓಡತೊಡಗಿತು. ಮಂಗಳವಾರ, ಗುರುವಾರ, ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಅವಳು ಫೋನಿನ ಪರದೆಯಲ್ಲಿ ಬಂದು ಪಾಠ ಮಾಡಬೇಕೆಂದು ಗೊತ್ತಾಯಿತು. ಅವಳಿಗೆ ಬಿಡುವು ಸಿಗುವುದು ಆಗ, ಅಂಗಡಿ ಮುಚ್ಚಿ ಮನೆ ಸದ್ದಡಗುವುದೂ ಆಗಲೇ.

ತೊಂದರೆ ಎಲ್ಲಿತ್ತೆಂದರೆ, ಇದ್ದ ಒಂದು ರೂಟರ್ ಅಂಗಡಿಯಲ್ಲಿತ್ತು. ಆ ಗೋಡೆಗಳನ್ನು ದಾಟಿ ತೊಟ್ಟಿಯ ತನಕ ಬರುವಷ್ಟರಲ್ಲಿ ಅದಕ್ಕೆ ಏದುಸಿರು. ಅಪ್ಪನ ಕೋಣೆಯಲ್ಲಿ ಮೊಬೈಲ್ ಸಿಗ್ನಲ್ಲಂತೂ ಕೇಳಲೇಬೇಡಿ. ತೊಟ್ಟಿಯಲ್ಲಿ ಕೂರೋಣವೆಂದರೆ ಪಕ್ಕದ ಮನೆಯ ಮಹಡಿಗೆ ಎಲ್ಲ ಕಾಣುತ್ತದೆ, ಅಪ್ಪ ಅಲ್ಲಿ ಬಾಯಿ ತೆರೆಯಲು ಒಪ್ಪಲಿಲ್ಲ. ಹೀಗಾಗಿ ಆ ಹುಡುಗಿಯ ಮುಖ ಚೌಕ ಚೌಕವಾಗಿ ಒಡೆದು, ಮಾತು ತುಂಡಾಗಿ, ನಿಂತು ನಿಂತು ಬರುತ್ತಿತ್ತು. "ಅಂಕಲ್, ಇದೇ…" ಎಂದು ಅವಳು ಬಾಯಿ ತೆರೆದಲ್ಲೇ ಕಲ್ಲಾಗುತ್ತಿದ್ದಳು. ನಾನು ಕೋಣೆಯಲ್ಲಿ ಕಾಲು ಸುಟ್ಟ ಬೆಕ್ಕಿನ ಹಾಗೆ ತಿರುಗುತ್ತಿದ್ದೆ. ಅಪ್ಪ ಮಾತ್ರ ಮಂಚದ ಮೇಲೆ ಶಾಂತವಾಗಿ ಕೂತಿರುತ್ತಿದ್ದರು. ಅವರ ಸಹನೆ ನೋಡಿ ನನಗೆ ನಾಚಿಕೆಯಾಗುತ್ತಿತ್ತು.

ಹೋಗಿ ಇನ್ನೊಂದು ರೂಟರ್ ತಂದೆ. ಅಂಗಡಿಯದಕ್ಕೆ ಒಂದು ಉದ್ದನೆಯ ಕೇಬಲ್ ಸಿಕ್ಕಿಸಿ, ತೊಟ್ಟಿಯ ಮೇಲೆ ಹಾಯಿಸಿ, ಕೋಣೆಯ ಹೊಸದಕ್ಕೆ ನಾನೇ ಜೋಡಿಸಿದೆ. ಗಣಿತ ಬರುತ್ತದೆಂಬ ಜಂಬ ಬೇರೆ. ಅವತ್ತು ಆಷಾಢ ಶುಕ್ರವಾರ. ದೇವಿಯ ದರ್ಶನಕ್ಕೆ ಬೆಟ್ಟಕ್ಕೆ ಹೋಗುವವರು, ಬೆಟ್ಟದಿಂದ ಬಂದವರು, ಅಂಗಡಿ ಮುಂದೆ ನೂಕುನುಗ್ಗಲು. ನಾನು ಇಲ್ಲಿ ಸ್ವಿಚ್ ಒತ್ತಿದೆ, ಅಲ್ಲಿ ತಮ್ಮನ ಕಂಪ್ಯೂಟರ್ ಸತ್ತಿತು. ಅವನು ಕೈಯಲ್ಲಿ ಧೂಪದ ಪೊಟ್ಟಣ ಹಿಡಿದುಕೊಂಡೇ ಒಳಗೆ ಓಡಿ ಬಂದ.

"ಅಕ್ಕಾ, ಏನ್ ಮಾಡ್ಬುಟ್ಟೆ? ಇದ್ದಿದ್ದೂ ಹೋಯ್ತಲ್ಲ!"

"ಒಂದ್ ನಿಮಿಷ ಇರೋ, ಸರಿ ಮಾಡ್ತೀನಿ."

"ನಿನ್ನ ಒಂದ್ ನಿಮಿಷ ನಂಗೊತ್ತಿಲ್ವಾ? ಮೊದ್ಲು ಕಿತ್ತಾಕು ಅದನ್ನ."

ಕಿತ್ತು ಹಾಕಿದೆ. ಸಂಜೆ ಕೇಬಲ್ಲಿನವರನ್ನು ಕರೆಸಿದೆವು. ಆ ಬೀದಿಯ ಮನೆಗಳಿಗೆಲ್ಲ ತಂತಿ ಎಳೆದವರು ಅವರೇ. ನಂಜನಗೂಡಿನ ಕಡೆಯ ಹಳ್ಳಿಯವರು, ನನಗಿಂತ ಸ್ವಲ್ಪ ದೊಡ್ಡವರು. ನನ್ನ ಕೆಲಸ ನೋಡಿ ನಕ್ಕರು.

"ಎರಡೂ ತಾನೇ ಯಜಮಾನ ಅಂತ ಕೂತವೆ ಮೇಡಂ. ಎರಡ್ಕೂ ಒಂದೇ ವಿಳಾಸ, ಎರಡೂ ನಂಬರ್ ಹಂಚ್ತಾ ಕೂತ್ರೆ ಎಂಗೆ? ಒಂದೂರ್ಗೆ ಇಬ್ರು ಪಟೇಲ್ರಾ? ಹಂಚೋದು ಅಂಗಡೀದು ಹಂಚ್ಲಿ. ಇದು ಸುಮ್ನೆ ಅದ್ರ ಮಾತು ದಾಟ್ಸುದ್ರೆ ಸಾಕು."

ಹೊಸದರ ವಿಳಾಸ ಬದಲಾಯಿಸಿ, ಅದರ ಹಂಚುವ ಅಧಿಕಾರ ಕಿತ್ತುಕೊಂಡು, ಎರಡಕ್ಕೂ ಒಂದೇ ಹೆಸರು ಒಂದೇ ಪಾಸ್‌ವರ್ಡ್ ಕೊಟ್ಟರು. ಗೋಡೆ ಕೊರೆಯಲು ಹೋದರೆ ಅವರ ಡ್ರಿಲ್ಲಿನ ಮೂತಿ ಅರ್ಧದಾರಿಗೇ ಮುಗಿಯಿತು, ಮಣ್ಣು ಸುಣ್ಣ ಮಾತ್ರ ಸೇರಿನಷ್ಟು ಉದುರಿತು. ಕೊನೆಗೆ ಕೇಬಲ್ಲು ಗವಾಕ್ಷಿಯಿಂದ ಇಳಿದು, ಅಪ್ಪನ ಕೋಣೆಯ ಬಾಗಿಲಿನ ಒಣಗಿದ ಮಾವಿನ ತೋರಣದ ಹಿಂದೆ ಹಾದು ಒಳಗೆ ಬಂತು. ಹೊಸ ರೂಟರ್ ಅಮ್ಮನ ಫೋಟೋದ ಪಕ್ಕದ ಗೂಡಿನಲ್ಲಿ ಹಸಿರು ದೀಪ ಹಚ್ಚಿಕೊಂಡು ಕೂತಿತು. ಫೋನಿನಲ್ಲಿ ಗೆರೆಗಳೆಲ್ಲ ತುಂಬಿದವು. ನನಗೆ ಕುಣಿಯುವಷ್ಟು ಖುಷಿ.

ಮುಂದಿನ ನಾಲ್ಕು ಪಾಠ ಕನ್ನಡಿಯಷ್ಟು ಸ್ವಚ್ಛವಾಗಿ ನಡೆದವು. ಆ ಹುಡುಗಿ ಚಿತ್ರದ ಕಾರ್ಡುಗಳನ್ನು ಒಂದೊಂದಾಗಿ ಹಿಡಿದು ತೋರಿಸಿದಳು. ಬೆಕ್ಕು. ಚಮಚ. ಕೊಡೆ.

"ಇದೇನು ಅಂಕಲ್? ಮಳೆ ಬಂದ್ರೆ ಹಿಡ್ಕೋತೀವಲ್ಲ? ಕೊ…"

ಮೊದಲ ಅಕ್ಷರ ಕೊಟ್ಟು, ಮೂರು ಬೆರಳು ಎತ್ತಿ, ಒಂದೊಂದಾಗಿ ಮಡಿಸುತ್ತ ಕಾಯುವುದು ಅವಳ ಕ್ರಮ.

"ಅದೇ," ಎಂದರು ಅಪ್ಪ.

"ಪರವಾಗಿಲ್ಲ ಅಂಕಲ್. ಕೊ… ಕೊಡ್…"

"ಹೇಳಪ್ಪ, ಗೊತ್ತಲ್ಲ ನಿಂಗೆ? ಹೇಳು," ಎಂದು ಹಿಂದಿನಿಂದ ನಾನು.

ಅಪ್ಪ ಪರದೆಯ ಮೂಲೆ ನೋಡುತ್ತಿದ್ದರು. ಅಲ್ಲಿನ ಪುಟ್ಟ ಚೌಕದಲ್ಲಿ ಅವರದೇ ಮುಖ, ಬಲಗಡೆಗೆ ಜೋತುಬಿದ್ದ ತುಟಿಯ ಸಮೇತ, ಚೆನ್ನಾಗಿ ಕಾಣುತ್ತಿತ್ತು. ಹಿಂದೆ ಮಸುಕಾಗಿ ಒಡೆದು ಹೋಗುತ್ತಿದ್ದದ್ದು ಈಗ ಸ್ಪಷ್ಟವಾಗಿತ್ತು. ಅವರ ಕಣ್ಣು ಎಲ್ಲಿದೆ ಎಂಬುದನ್ನು ನಾನು ಕಂಡಿದ್ದೆ. ಆದರೆ ಅದರ ಬಗ್ಗೆ ಯೋಚಿಸುವಷ್ಟು ಪುರುಸೊತ್ತು ನನಗಿರಲಿಲ್ಲ, ನಾನು ಮುಂದಿನ ಕಾರ್ಡಿಗೆ ಕಾಯುತ್ತಿದ್ದೆ.

ಐದನೇ ಪಾಠದ ದಿನ, ಮಂಗಳವಾರ, ನೆಟ್ ಬರಲಿಲ್ಲ. ಗೂಡಿನಲ್ಲಿ ಹಸಿರು ದೀಪ ಉರಿಯುತ್ತಿತ್ತು, ಫೋನಿನಲ್ಲಿ ಗೆರೆಗಳೂ ತುಂಬಿದ್ದವು, ಪಕ್ಕದಲ್ಲಿ ಒಂದು ಸಣ್ಣ ಆಶ್ಚರ್ಯಸೂಚಕ ಚಿಹ್ನೆ ಮಾತ್ರ ಕಾಣಿಸಿತು. ಆರಿಸಿದೆ, ಹಚ್ಚಿದೆ, ಕೇಬಲ್ ಕಿತ್ತು ಸಿಕ್ಕಿಸಿದೆ, ಬಾಯಿಗೆ ಬಂದಂತೆ ಬೈದೆ. ಸಿಗ್ನಲ್ ಹುಡುಕಿ ಹಿತ್ತಲಿಗೆ ಓಡಿ, ಆ ಹುಡುಗಿಗೆ ಫೋನ್ ಮಾಡಿ ಇವತ್ತು ಆಗುವುದಿಲ್ಲ ಎಂದೆ. ಮೂರೂವರೆಗೆ ತಮ್ಮ ಬಂದು ನೋಡಿದರೆ ಎಲ್ಲವೂ ಸರಿ. ಗುರುವಾರ ಮತ್ತೆ ಹೀಗೇ ಆಯಿತು. ಶನಿವಾರವೂ ತಪ್ಪಲಿಲ್ಲ.

ಬೆಳಿಗ್ಗೆ ಬರುತ್ತದೆ, ಸಂಜೆ ಬರುತ್ತದೆ, ಭಾನುವಾರ ಇಡೀ ದಿನ ಬರುತ್ತದೆ, ಪಾಠದ ಹೊತ್ತಿಗೆ ಮಾತ್ರ ಬರುವುದಿಲ್ಲ. ನಿದ್ದೆಯಲ್ಲೂ ಹಸಿರು ದೀಪ ಕಾಣತೊಡಗಿತು. ಕೇಬಲ್ಲಿನವರನ್ನು ಎರಡು ಸಲ ಕರೆಸಿದೆ. ಅವರು ಬಂದಾಗ ಅದು ಒಳ್ಳೆಯ ಹುಡುಗನಂತೆ ನಡೆದುಕೊಂಡಿತು.

"ಮಧ್ಯಾಹ್ನದೊತ್ತು ಅಂಗಡೀದು ಆನಾಗಿರ್ತದಾ ಮೇಡಂ?" ಎಂದು ಅವರು ಕೇಳಿದರು.

"ನಾನು ಹೋಗ್ವಾಗ್ಲೂ ಉರೀತಿರುತ್ತೆ, ಬಂದಾಗ್ಲೂ ಉರೀತಿರುತ್ತೆ," ಎಂದ ತಮ್ಮ. ಮಾತು ಅಲ್ಲಿಗೆ ಮುಗಿಯಿತು. ಎರಡು ಗಂಟೆಗೆ ಹೋಗಿ ಒಮ್ಮೆ ಒಳಬಾಗಿಲು ತೆರೆದು ನೋಡೋಣವೆಂದು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಬಾಗಿಲು ಹಾಕಿದ ಅಂಗಡಿ ನಮ್ಮಿಬ್ಬರ ಪಾಲಿಗೆ ಆ ಹೊತ್ತಿನಲ್ಲಿ ಇರುವ ಜಾಗವೇ ಅಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ನಾನು ಹೊಸ ರೂಟರನ್ನೇ ಹಿಂಸಿಸಿದೆ. ಅದನ್ನು ಕೊಟ್ಟ ಅಂಗಡಿಗೆ ಹೋಗಿ ಜಗಳವಾಡಿ ಬದಲಾಯಿಸಿಕೊಂಡು ಬಂದೆ. ಹೊಸದರ ಹೊಸದೂ ಮಂಗಳವಾರ ಎರಡು ಗಂಟೆಗೆ ಕೈಕೊಟ್ಟಿತು.

ಈ ನಡುವೆ ಒಂದೇ ಸಮಾಧಾನ, ಅಪ್ಪನ ನಡಿಗೆ. ದಿನಕ್ಕೆ ಎರಡು ಸಲ ಕೋಲು ಹಿಡಿದು ಒಬ್ಬರೇ ನಡೆಯಬೇಕು, ಯಾರೂ ಹಿಡಿದುಕೊಳ್ಳಬಾರದು ಎಂದು ವೈದ್ಯರು ಹೇಳಿದ್ದರು. ಮಿಕ್ಕ ದಿನ ಮರೆತರೂ ಪಾಠದ ದಿನ ಅಪ್ಪ ಮರೆಯುತ್ತಿರಲಿಲ್ಲ. ಊಟ ಮಾಡಿ, ಪಾಠಕ್ಕೆ ಮುಂಚೆ ಒಂದು ಸಲ ತೊಟ್ಟಿ ದಾಟಿ ಒಳಬಾಗಿಲ ತನಕ ಹೋಗಿ ಬರುತ್ತಿದ್ದರು. ಪಾಠ ನಿಂತ ಮೇಲೆ ಇನ್ನೊಂದು ಸಲ. ನಾನು ಕೋಣೆಯಲ್ಲಿ ತಂತಿಗಳ ಜೊತೆ ಗುದ್ದಾಡುತ್ತಿರುವಾಗ ಕೋಲಿನ ಟಕ್ ಟಕ್ ಸದ್ದು ದೂರ ಹೋಗುವುದು ಕೇಳುತ್ತಿತ್ತು. ಬಂದ ನೆಂಟರಿಗೆಲ್ಲ, "ಕ್ಲಾಸ್ ದಿನ ನೋಡ್ಬೇಕು ನಮ್ಮಪ್ಪನ ಉತ್ಸಾಹ," ಎಂದು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದೆ.

ಆಮೇಲಿನ ಶನಿವಾರದ ಪಾಠವೂ ಹೋಯಿತು. ಆರು ತಿಂಗಳಲ್ಲಿ ಇನ್ನೂ ಎರಡು ವಾರ ಮಣ್ಣುಪಾಲು ಎಂದು ಲೆಕ್ಕ ಹಾಕುತ್ತ ತೊಟ್ಟಿಗೆ ಬಂದೆ. ಕೋಲಿನ ಸದ್ದು ಆ ಕಡೆ ಹೋಗಿ ಎಷ್ಟೋ ಹೊತ್ತಾಗಿತ್ತು. ವಾಪಸ್ಸು ಬಂದಿರಲಿಲ್ಲ. ತೊಟ್ಟಿಯಲ್ಲಿ ಅಪ್ಪ ಇಲ್ಲ. ಜಗಲಿಯ ಮೇಲೂ ಇಲ್ಲ. ಒಳಬಾಗಿಲು ಬೆರಳಗಲ ತೆರೆದಿತ್ತು. ಬಿದ್ದುಬಿಟ್ಟರು ಎಂದುಕೊಂಡೆ. ಹೊಸಿಲ ಮೇಲೆ ಒಂದು ಕ್ಷಣ ಕಾಲು ತಡೆಯಿತು, ಆಮೇಲೆ ಭಯ ನನ್ನನ್ನು ಒಳಗೆ ದೂಡಿತು.

ಶಟರಿನ ಸಂದಿಯಿಂದ ಬರುವ ಬೆಳಕಷ್ಟೇ ಅಲ್ಲಿತ್ತು. ಕರ್ಪೂರ, ಧೂಪ, ಒಣಬೇರಿನ ವಾಸನೆ ಮುಖಕ್ಕೆ ಬಡಿಯಿತು. ಅಪ್ಪ ಬಿದ್ದಿರಲಿಲ್ಲ. ಖಾನೆಗಳ ಮುಂದೆ ತಮ್ಮ ಹಳೆಯ ಜಾಗದಲ್ಲಿ ನಿಂತಿದ್ದರು. ಒಂದು ಖಾನೆ ತೆರೆದಿತ್ತು. ಎಡಗೈಯಲ್ಲಿ ಏನನ್ನೋ ಹಿಡಿದು ಮೂಗಿಗೆ ತಂದು, ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತಿದ್ದರು. "ಜ… ಜ… ಜಟ…" ಎಂದು ಪಿಸುಗುಟ್ಟಿ, ತಲೆ ಕೊಡವಿ, ಖಾನೆ ಮುಚ್ಚಿ ಪಕ್ಕದ್ದನ್ನು ಎಳೆದರು.

ನಾನು ಬಾಗಿಲ ಪಕ್ಕದ ಗೋಡೆಗೆ ಸರಿದೆ. ಆಗ ಕಣ್ಣಿಗೆ ಬಿದ್ದದ್ದು ಸ್ವಿಚ್ ಬೋರ್ಡು. ಮೈನ್ ಸ್ವಿಚ್ ಆರಿಸಿತ್ತು. ಅದರ ಮೇಲಿನ ಹಲಗೆಯಲ್ಲಿ ಅಂಗಡಿಯ ರೂಟರ್ ಒಂದು ದೀಪವೂ ಇಲ್ಲದೆ ಸತ್ತು ಬಿದ್ದಿತ್ತು. ಎಲ್ಲ ಒಮ್ಮೆಲೇ ಅರ್ಥವಾಯಿತು. ಮೊದಲ ನಡಿಗೆ ಆರಿಸುವುದಕ್ಕೆ, ಎರಡನೆಯದು ಹಚ್ಚುವುದಕ್ಕೆ. ಅಂಗಡಿಯ ಮೀಟರ್ ಬೇರೆ, ಮನೆಯ ಮೀಟರ್ ಬೇರೆ, ಹಾಗಾಗಿ ಕೋಣೆಯ ರೂಟರ್ ಮಾತ್ರ ದಾಟಿಸಲು ಏನೂ ಇಲ್ಲದೆ ಹಸಿರಾಗಿ ಉರಿಯುತ್ತಿತ್ತು. ಸಿಗ್ನಲ್ ಕೆಟ್ಟಿದ್ದಾಗ ಅಪ್ಪ ಅದರ ಮರೆಯಲ್ಲಿ ಹೇಗೋ ಕೂತಿದ್ದರು. ಆ ಮರೆಯನ್ನು ನಾನು ಕಿತ್ತುಹಾಕಿದ್ದೆ.

ಮೊದಲು ಬಂದದ್ದು ಸಿಟ್ಟು. "ಏನಪ್ಪ ಇದು? ಎರಡು ವಾರ ಕಣಪ್ಪ! ನಾನು ಹುಚ್ಚಿ ಥರ ಓಡಾಡ್ತಿದ್ದೀನಿ. ಆರು ತಿಂಗ್ಳು ಅಂತ ಹೇಳಿದ್ದು ಕೇಳಿಸ್ಲಿಲ್ವಾ ನಿಂಗೆ?"

ಅಪ್ಪ ಬೆಚ್ಚಿ ತಿರುಗಿದರು. ಕದ್ದು ಸಿಕ್ಕಿಬಿದ್ದವರ ಹಾಗೆ ಖಾನೆಯನ್ನು ಮೈಯಿಂದ ಮರೆಮಾಡಿದರು. ಅದನ್ನು ನೋಡಿ ನನ್ನ ಸಿಟ್ಟು ಅಲ್ಲೇ ಇಳಿದು ಹೋಯಿತು. ಬೆಕ್ಕು, ಚಮಚ, ಕೊಡೆ ಎಂದು ಮಗಳ ಎದುರು ತೊದಲಲಾರದೆ, ಈ ಮನುಷ್ಯ ಕತ್ತಲಲ್ಲಿ ತಾನೊಬ್ಬನೇ ಪಾಠ ಹೇಳಿಕೊಳ್ಳುತ್ತಿದ್ದಾನೆ. ನಾಚಿಕೆಯಾಯಿತು ನನಗೆ. ಏನು ಮಾಡಬೇಕೆಂದು ತೋಚದೆ ಗಲ್ಲಾದಿಂದ ಶಟರಿಗೆ, ಶಟರಿನಿಂದ ಗಲ್ಲಾಕ್ಕೆ ನಡೆದೆ. ಆ ಹುಡುಗಿಗೆ ಹೇಳಬೇಕು, ಕಾರ್ಡು ಬೇಡ, ಇಲ್ಲಿಂದಲೇ ಪಾಠ ಎನ್ನಬೇಕು, ತಮ್ಮನನ್ನು ಕರೆಯಬೇಕು, ಮೊದಲು ಲೈಟ್ ಹಾಕಬೇಕು. ಕೈ ಮೈನ್ ಸ್ವಿಚ್ಚಿಗೆ ಹೋಯಿತು.

ಅಪ್ಪ ನನ್ನ ಮಣಿಕಟ್ಟು ಹಿಡಿದರು. ಅಂಗೈ ಬಿಡಿಸಿ, ತೆರೆದ ಖಾನೆಯಿಂದ ಒಂದು ತುಂಡನ್ನು ತೆಗೆದು ಅದರಲ್ಲಿಟ್ಟರು. ತೆಳ್ಳಗೆ ಬಿಲ್ಲೆಯಾಗಿ ಕತ್ತರಿಸಿ ಒಣಗಿಸಿದ ಗೆಡ್ಡೆ. ಮೂಗಿಗೆ ತಂದೆ. ಗೊತ್ತು, ಚೆನ್ನಾಗಿ ಗೊತ್ತು ನನಗೆ. ಅಮ್ಮನ ತಲೆಗೂದಲ ವಾಸನೆ. ಶುಕ್ರವಾರ ಶುಕ್ರವಾರ ಎಣ್ಣೆಗೆ ಹಾಕಿ ಕಾಯಿಸುತ್ತಿದ್ದಳು. ಅಪ್ಪ ಹುಬ್ಬು ಎತ್ತಿ ಕಾದರು.

"ಅದೇ ಅಪ್ಪ… ಅಮ್ಮ ಎಣ್ಣೆಗೆ ಹಾಕ್ತಿದ್ದಳಲ್ಲ… ಅದೇ… ಅದೇ…"

ನನ್ನ ಬಾಯಿಂದ ಬಂದದ್ದು ನನಗೇ ಕೇಳಿಸಿತು. ಅಪ್ಪನಿಗೂ ಕೇಳಿಸಿತು. ಜೋತುಬಿದ್ದ ತುಟಿಯ ಆ ಕಡೆ ಹಾಗೆಯೇ ಇತ್ತು, ಈ ಕಡೆ ನಕ್ಕಿತು. ಆಸ್ಪತ್ರೆಯಿಂದ ಬಂದ ಮೇಲೆ ಅವರು ನಕ್ಕದ್ದು ಅದೇ ಮೊದಲು. ಎಡಗೈ ಎತ್ತಿ ಮೂರು ಬೆರಳು ತೋರಿಸಿದರು. ಒಂದು ಮಡಿಸಿದರು.

"ಕ…" ಎಂದರು.

ನನಗೆ ಬರಲಿಲ್ಲ. ಎರಡನೇ ಬೆರಳು ಮಡಿಸಿದರು.

"ಕ… ಕಚ್…"

ತಲೆಯಲ್ಲಾಡಿಸಿದೆ. ಹುಟ್ಟಿ ಬೆಳೆದ ಅಂಗಡಿಯ ಗೆಡ್ಡೆಯೊಂದರ ಹೆಸರು ನಾಲಿಗೆಯ ತುದಿಗೆ ಬಂದು ನಿಂತು ಮುಂದೆ ಬರಲೊಲ್ಲದು. ಗೊತ್ತಿದ್ದೂ ಬಾರದೆ ಇರುವುದು ಏನೆಂದು ಆವರೆಗೆ ನನಗೆ ತಿಳಿದಿರಲಿಲ್ಲ. ಅಪ್ಪ ಮೂರನೇ ಬೆರಳನ್ನು ಮಡಿಸಲಿಲ್ಲ. ಅವರ ಕತ್ತಿನ ನರ ಉಬ್ಬಿತು, ಗದ್ದ ನಡುಗಿತು.

"ಕಚೋರ."

ಇಡಿಯಾಗಿ ಬಂತು. ನಾನು ಕಿರುಚಿದೆ ಎಂದು ಕಾಣುತ್ತದೆ. ತಮ್ಮನಿಗೆ ಹೇಳಬೇಕು, ಆ ಹುಡುಗಿಗೆ ಈಗಲೇ ಹೇಳಬೇಕು, ಇನ್ನೂ ಮೂರು ಗಂಟೆಯಾಗಿಲ್ಲ, ಸಿಕ್ಕಿದರೂ ಸಿಕ್ಕಾಳು ಎಂದು ಫೋನ್ ತೆಗೆದು, ಮತ್ತೆ ಮೈನ್ ಕಡೆಗೆ ಹಾರಿದೆ.

"ಬೇಡ," ಎಂದರು ಅಪ್ಪ.

ನಾನು ಹಾಗೆಯೇ ನಿಂತೆ. ಅವರು ಕೋಲಿನ ತುದಿಯಿಂದ ಗಿರಾಕಿಗಳ ಸ್ಟೂಲನ್ನು ನನ್ನ ಕಡೆಗೆ ತಳ್ಳಿದರು, ಇನ್ನೊಂದು ಖಾನೆಯನ್ನು ಎಳೆದರು.

"ಕೂತ್ಕೋ."

ಕೂತೆ.